ರಬ್ಬರ್ ಗೋಡೌನಿನ ಮೇಲಿನ ಭಾನುವಾರಗಳು

ಕಳೆದ ತಿಂಗಳು ಮಿಜಾರಿನ ಹತ್ತಿರದ ಒಂದು ಕಾಲೇಜಿನವರು ಮಕ್ಕಳಿಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಬಂಟ್ವಾಳದಲ್ಲಿ ರೈಲು ಇಳಿದಾಗ ಅವರ ಕಾರು ಬಂದು ನಿಂತಿತ್ತು. ಸಿದ್ಧಕಟ್ಟೆಯ ತಿರುವುಗಳಲ್ಲಿ ಒಂದು ಪಿಕಪ್ ನಮ್ಮ ಮುಂದೆ ಸೇರಿಕೊಂಡಿತು. ಅದರ ತುಂಬ ರಬ್ಬರ್ ಶೀಟಿನ ಕಟ್ಟುಗಳು. ಹುಳಿ ಹಿಡಿದ ಹಾಲಿಗೆ ಹೊಗೆ ಹಾಕಿದರೆ ಎಂಥ ವಾಸನೆ ಬಂದೀತೋ ಅಂಥದ್ದು ಕಾರಿನೊಳಗೆ ತುಂಬಿತು. ಡ್ರೈವರ್ ಮುಖ ಕಿವುಚಿ ಗ್ಲಾಸು ಏರಿಸಲು ಹೋದ. "ಇರಲಿ ಬಿಡಪ್ಪ" ಎಂದೆ. ಆತ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಈ ಹೆಂಗಸಿಗೆ ನೆಗಡಿ ಇರಬೇಕು ಎಂದುಕೊಂಡು ಸುಮ್ಮನಾದ.

ನೆಗಡಿಯಲ್ಲ. ಬೆಳ್ತಂಗಡಿ ತಾಲ್ಲೂಕಿನಲ್ಲಿ, ಚಾರ್ಮಾಡಿಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ, ಆ ವಾಸನೆಯ ಮೇಲೆಯೇ ನಾನು ಒಂದು ವರ್ಷ ಮಲಗಿ ಎದ್ದಿದ್ದೇನೆ. ಮಿಜಾರಿನಲ್ಲಿ ಅವತ್ತು ಏನು ಮಾತಾಡಿದೆನೋ ಸರಿಯಾಗಿ ನೆನಪಿಲ್ಲ. ಎದುರಿಗೆ ಸಭಾಂಗಣದ ತುಂಬ ಮಕ್ಕಳಿದ್ದರು, ಎಸಿ ಇತ್ತು, ಕೊನೆಯಲ್ಲಿ ಶಾಲು ಹೊದಿಸಿದರು. ಪ್ರಶ್ನೆ ಕೇಳಿ ಎಂದಾಗ ಇಬ್ಬರು ಎದ್ದು ನಿಂತು ಚೆನ್ನಾಗಿ ತಯಾರಿ ಮಾಡಿಕೊಂಡು ಬಂದ ಪ್ರಶ್ನೆಗಳನ್ನು ಕೇಳಿದರು. ಉತ್ತರ ಹೇಳುತ್ತಿದ್ದರೂ ನನ್ನ ತಲೆಯೊಳಗೆ ಆ ಊರಿನ ವಾರಿಜಕ್ಕ ಎಂಬವರು ಕೇಳಿದ ಪ್ರಶ್ನೆಯೇ ಕೂತಿತ್ತು.

ನಾನು ಚಳ್ಳಕೆರೆ ಕಡೆಯವಳು, ಭೌತಶಾಸ್ತ್ರದ ಉಪನ್ಯಾಸಕಿ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಅಮ್ಮನ ಆರೋಗ್ಯ ಸ್ವಲ್ಪ ಕಡಿಮೆ, ಎರಡೂ ಸೇರಿ ವಯಸ್ಸು ದಾಟಿತು. ಅಮ್ಮನಿಗೆ ಕಣ್ಣು ಮಂಜಾದ ಮೇಲೆ ದಿನಾ ಸಂಜೆ ನಾನೇ ಪೇಪರ್ ಓದಿ ಹೇಳುತ್ತಿದ್ದೆ. ಆಕೆ ಪ್ರತಿ ಸುದ್ದಿಗೂ ಒಂದು ಟೀಕೆ ಸೇರಿಸುತ್ತಿದ್ದಳು, ಮಂತ್ರಿಗಳಿಂದ ಹಿಡಿದು ಸಿನಿಮಾ ನಟಿಯರವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆಕೆ ತೀರಿಕೊಂಡ ಮರುವರ್ಷ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಚಾರ್ಮಾಡಿ ರಸ್ತೆಯ ಈ ಊರಿನ ಪದವಿಪೂರ್ವ ಕಾಲೇಜು ಸಿಕ್ಕಿತು. ಸಿಕ್ಕಿತು ಎನ್ನುವುದೂ ಸುಳ್ಳೇ, ಉಳಿದದ್ದು ಅದೊಂದೇ. ಮರುವರ್ಷಕ್ಕೆ ನನ್ನನ್ನು ನಮ್ಮ ಕಡೆಗೇ ಕಳಿಸಿ ಎಂದು ಬಂದ ದಿನವೇ ಅರ್ಜಿ ಬರೆದು ಹಾಕಿದೆ.

ಮನೆ ಕೊಟ್ಟವರು ಹಮೀದ್ ಎನ್ನುವವರು. ಬಹಳ ವರ್ಷ ಸೌದಿಯಲ್ಲಿದ್ದು ಬಂದು ಊರಲ್ಲಿ ರಬ್ಬರ್ ಶೀಟು, ಕರಿಮೆಣಸು ಕೊಳ್ಳುವ ಅಂಗಡಿ ಇಟ್ಟಿದ್ದರು. ಊರೆಲ್ಲ ಅವರನ್ನು ಹಮೀದಾಕ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಕೆಳಗೆ ಅಂಗಡಿ ಮತ್ತು ಗೋಡೌನು. ಮೇಲೆ ಒಂದು ಕಡೆ ನನ್ನ ಎರಡು ಕೋಣೆ, ಇನ್ನೊಂದು ಕಡೆ ಖಾಲಿ ಬಿದ್ದ ಉದ್ದನೆಯ ಹಾಲು. ವಾರದ ಆರು ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಕಳೆಯುತ್ತಿರಲಿಲ್ಲ. ಜೊತೆಯ ಉಪನ್ಯಾಸಕರೆಲ್ಲ ಮೂಡುಬಿದಿರೆ, ಬಂಟ್ವಾಳ ಎಂದು ಶನಿವಾರವೇ ಮನೆಗೆ ಹೋಗುತ್ತಿದ್ದರು. ಊರಿನವರು ಒಳ್ಳೆಯವರು, ಎದುರು ಸಿಕ್ಕರೆ ನಗುತ್ತಿದ್ದರು, ಆದರೆ ನಕ್ಕು ಮುಂದೆ ತುಳುವಿನಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ಒಂದು ಭಾನುವಾರ ಸಂಜೆ ನಾನು ಗೋಡೆಗೆ ಪೇಪರ್ ಓದಿ ಹೇಳುತ್ತಿದ್ದೆ. ಗಟ್ಟಿಯಾಗಿ. ಕೆಳಗಿಳಿದಾಗ ಹಮೀದಾಕ "ಊರಿಂದ ಫೋನ್ ಬಂದಿತ್ತಾ ಟೀಚರ್?" ಎಂದು ಕೇಳಿದರು. ಹೌದು ಎಂದೆ. ಹಾಗೆಂದು ಮೇಲೆ ಬಂದು ಕೂತಾಗ ನನಗೆ ನನ್ನ ಬಗ್ಗೆಯೇ ಭಯವಾಯಿತು.

ಭಾನುವಾರದ ವಿಜ್ಞಾನದ ಮಾತು ಶುರುವಾದದ್ದು ಆ ಭಯದಿಂದ. ಜನರಿಗೆ ವೈಚಾರಿಕತೆ ಹಂಚಬೇಕು ಎಂದೆಲ್ಲ ಆಮೇಲೆ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೇಳುವ ನಾಲ್ಕು ಕಿವಿ. ಹಮೀದಾಕರ ಹತ್ತಿರ ಖಾಲಿ ಹಾಲು ಕೇಳಿದೆ. "ಬಾಡಿಗೆ ಬೇಡ, ಮಾಡಿ. ಜನ ಬಂದ್ರೆ ನನ್ನ ಅಂಗಡಿಗೂ ಹೆಸರು" ಎಂದರು. ಚೀಟಿ ಬರೆದು ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದೆ, ಮಕ್ಕಳ ಕೈಲಿ ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ. ಶಾಮಿಯಾನದವರಿಂದ ಕುರ್ಚಿ ತರಿಸಿ ಸಾಲಾಗಿ ಇಟ್ಟೆ. ಅವತ್ತು ಗುರುಗ್ರಹದ ಚಂದ್ರರ ಬಗ್ಗೆ ಹೇಳುವುದಿತ್ತು. ಬಂದವರು ಹಮೀದಾಕ ಒಬ್ಬರೇ. ಎದುರಿನ ಕುರ್ಚಿಯಲ್ಲಿ ಕೂತು, ಮೊದಲನೆಯ ಚಂದ್ರನ ಹೊತ್ತಿಗೆ ತಲೆದೂಗಿ, ಎರಡನೆಯ ಚಂದ್ರನ ಹೊತ್ತಿಗೆ ಗೊರಕೆ ಹೊಡೆದರು. ಅವರು ಎಚ್ಚರಗೊಳ್ಳುವವರೆಗೂ ನಾನು ನಿಲ್ಲಿಸಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

"ಯಾರಿಗೆಲ್ಲ ಹೇಳಿಕೆ ಕೊಟ್ಟಿದ್ದೀರಿ ಟೀಚರ್?" ಕುರ್ಚಿ ಮಡಚುತ್ತಾ ಅವರು ಕೇಳಿದರು.

"ಇಡೀ ಊರಿಗೇ ಹೇಳಿದ್ದೀನಲ್ಲ. ವಾಟ್ಸಾಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಾರೆ."

"ಅದು ಹೇಳಿಕೆ ಅಲ್ಲ ಮಾರಾಯ್ರೆ. ಅದು ಸುದ್ದಿ. ಇಲ್ಲಿ ಮನೆಗೆ ಹೋಗ್ಬೇಕು, ಜಗಲಿಯಲ್ಲಿ ಕೂರ್ಬೇಕು, ಅವರು ಕೊಟ್ಟದ್ದು ಕುಡಿಬೇಕು, ಮತ್ತೆ ಹೇಳ್ಬೇಕು, ಇಂಥ ದಿನ ಇಂಥದ್ದು ಉಂಟು, ಬರ್ಬೇಕು ಅಂತ. ಹೇಳಿಕೆ ಇಲ್ಲದ ಕಡೆಗೆ ಯಾರು ಬರ್ತಾರೆ? ಮರ್ಯಾದೆ ಇಲ್ವಾ ಅವರಿಗೆ?"

ನಮ್ಮ ಕಡೆ ಗುಡಿಯ ಮುಂದೆ ಮೈಕಿನಲ್ಲಿ ಕೂಗಿದರೆ ಅರ್ಧ ಊರು ಬಂದು ಕೂರುತ್ತದೆ. ಇಲ್ಲಿ ಕೂಗಿದರೆ ಯಾರೂ ಬರುವುದಿಲ್ಲ, ಮನೆಗೆ ಹೋಗಿ ಮೆಲ್ಲಗೆ ಹೇಳಿದರೆ ಬರುತ್ತಾರೆ. ಸರಿ, ರೋಮಿಗೆ ಹೋದರೆ ರೋಮನ್ನರಂತೆ ಎಂದು ಪಾಠ ಮಾಡುವವಳು ನಾನೇ ಅಲ್ಲವೇ. ಮುಂದಿನ ಸಲ ವಾರವಿಡೀ ಸಂಜೆ ಹೊರಟೆ. ಒಂದು ಮನೆಯಲ್ಲಿ ಬೆಲ್ಲ ನೀರು, ಇನ್ನೊಂದರಲ್ಲಿ ಚಹಾ, ಮತ್ತೊಂದರಲ್ಲಿ ಪುನರ್ಪುಳಿ ಶರಬತ್ತು. ಹೊಟ್ಟೆಯಲ್ಲಿ ಇವೆಲ್ಲ ಕಲಸಿ ರಾತ್ರಿ ಊಟ ಬೇಡವಾಗುತ್ತಿತ್ತು. ವಿಷಯವನ್ನೂ ಬದಲಾಯಿಸಿದೆ. ಚಾರ್ಮಾಡಿ ಘಾಟಿ ಹತ್ತುವಾಗ ಕಿವಿ ಏಕೆ ಮುಚ್ಚಿಕೊಳ್ಳುತ್ತದೆ? ಆ ಊರಿನಲ್ಲಿ ಕಿವಿ ಮುಚ್ಚದವರು ಯಾರೂ ಇರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಘಾಟಿಯ ತುದಿಗೆ ಹೋಗಿ, ಖಾಲಿ ನೀರಿನ ಬಾಟಲಿಯ ಮುಚ್ಚಳ ಅಲ್ಲಿ ಬಿಗಿದು, ಕೆಳಗೆ ತಂದೆ. ಕೆಳಗೆ ಬರುವಷ್ಟರಲ್ಲಿ ಬಾಟಲಿ ಯಾರೋ ಹಿಂಡಿದ ಹಾಗೆ ಒಳಗೆ ಕುಗ್ಗಿತ್ತು. ಆ ಬಾಟಲಿ ಸಭೆಯಲ್ಲಿ ಕೈಯಿಂದ ಕೈಗೆ ಹೋಯಿತು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು.

ಅವತ್ತಿನಿಂದ ಸಂಜೀವ ಶೆಟ್ರು ನನ್ನ ಪಾಲಿಗೆ ಬಂದರು. ಮುಂಬಯಿಯಲ್ಲಿ ಹೋಟೆಲು ನಡೆಸಿ, ಮಕ್ಕಳ ಕೈಗೆ ಕೊಟ್ಟು, ಊರಿಗೆ ಬಂದು ನೆಲೆಸಿದವರು. ಊರಿನ ಯಾವ ಕಾರ್ಯಕ್ರಮವಿದ್ದರೂ ಮೈಕು ಅವರ ಕೈಯಲ್ಲಿ. ನನ್ನ ಕನ್ನಡ ಅರ್ಥವಾಗದ ಹಿರಿಯರಿಗೆ ತುಳುವಿನಲ್ಲಿ ಹೇಳುವ ಕೆಲಸ ತಾವೇ ವಹಿಸಿಕೊಂಡರು. ಇದು ಅನೌಪಚಾರಿಕ ಮಾತುಕತೆ, ದೀಪ ಬೇಡ, ಹಾರ ಬೇಡ, ಸ್ವಾಗತ ಭಾಷಣ ಬೇಡ ಎಂದೆ.

"ಅನೌಪಚಾರಿಕ ಅಂದ್ರೆ ಗೊತ್ತುಂಟು ಟೀಚರ್. ದೀಪ ಬಿಡುವ, ಹಾರ ಬಿಡುವ. ಆದ್ರೆ ಬಂದವರಿಗೆ ಸ್ವಾಗತ ಹೇಳದೆ, ಹೋಗುವವರಿಗೆ ಧನ್ಯವಾದ ಹೇಳದೆ ಕಳಿಸಿದ್ರೆ ಎಂತ ಚಂದ?"

ಹೀಗೆ ನನ್ನ ಮಾತಿಗಿಂತ ಅವರ ಸ್ವಾಗತ ಉದ್ದವಾಗುತ್ತಿತ್ತು. ಕುಕ್ಕರಿನ ಸೀಟಿಯ ಬಗ್ಗೆ ಹೇಳಿದ ದಿನ ಮುಂಬಯಿಯ ಅವರ ಹೋಟೆಲಿನ ಎಲ್ಲ ಕುಕ್ಕರುಗಳೂ ಸ್ವಾಗತದಲ್ಲಿ ಬಂದುಹೋದವು.

ಹೇಳಿಕೆಗೆ ಒಂದು ಮರುಪಾವತಿಯೂ ಇತ್ತು. ನಾನು ಯಾರ ಮನೆಗೆ ಹೋಗಿ ಕರೆದಿದ್ದೆನೋ ಅವರೆಲ್ಲ ತಮ್ಮ ಮನೆಯ ಮದುವೆ, ಗೃಹಪ್ರವೇಶಗಳಿಗೆ ನನ್ನನ್ನು ಕರೆಯತೊಡಗಿದರು. ಆ ಬೇಸಿಗೆಯಲ್ಲಿ ನಾನು ಉಂಡಷ್ಟು ಮದುವೆ ಊಟ ಜನ್ಮದಲ್ಲಿ ಉಂಡಿರಲಿಲ್ಲ. ಬಾಗಿಲಲ್ಲಿ ಕೈ ಹಿಡಿದು "ಬನ್ನಿ ಟೀಚರ್, ಬನ್ನಿ" ಎಂದು ಕರೆದು, ಫ್ಯಾನಿನ ಕೆಳಗೆ ಕುರ್ಚಿ ತೋರಿಸಿ, ಶರಬತ್ತು ಕೊಟ್ಟು, ಹೋಗಿಬಿಡುತ್ತಿದ್ದರು. ಸುತ್ತ ಎಲ್ಲರೂ ತುಳುವಿನಲ್ಲಿ ತಮಾಷೆ ಮಾಡಿ ಬಿದ್ದು ಬಿದ್ದು ನಗುವಾಗ ನಾನೂ ಅರ್ಧ ಕ್ಷಣ ತಡವಾಗಿ ನಗುತ್ತಿದ್ದೆ. ಅಷ್ಟು ಜನರ ನಡುವೆ ಕೂತು ಒಂಟಿಯೆನಿಸುವುದು ಕೋಣೆಯಲ್ಲಿ ಒಂಟಿಯಾಗಿರುವುದಕ್ಕಿಂತ ಕಷ್ಟ. ಮನೆಗೆ ಬಂದು ರೇಷ್ಮೆ ಸೀರೆ ಮಡಚುವಾಗ ಅಳು ಬರುತ್ತಿತ್ತು, ಮತ್ತು ಅತ್ತಿದ್ದೇನೆ.

ಏಪ್ರಿಲ್ ಕೊನೆಗೆ ಕಾಲೇಜಿಗೆ ರಜೆ ಬಂತು. ಎಲ್ಲರೂ ಊರಿಗೆ ಹೋದರು, ನನಗೆ ಹೋಗಲು ಊರಿದ್ದರೂ ಅಲ್ಲಿ ಕಾಯುವವರಿರಲಿಲ್ಲ. ಆ ಹೊತ್ತಿಗೆ ಸಂಜೆ ಮಳೆ ಶುರುವಾಗಿತ್ತು. ಮಧ್ಯಾಹ್ನವೆಲ್ಲ ಬೆವರಿಳಿಸಿ, ನಾಲ್ಕರ ಮೇಲೆ ಘಟ್ಟದ ಕಡೆಯಿಂದ ಕಪ್ಪಗೆ ಎದ್ದು ಬರುವ ಮೋಡ. ನಮ್ಮ ಕಡೆ ಗುಡುಗು ಕೇಳಿದರೆ ಜನ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಇಲ್ಲಿ ಮೊದಲ ಗುಡುಗಿಗೇ ಟಿವಿಯ ಪಿನ್ನು, ಫ್ರಿಜ್ಜಿನ ಪಿನ್ನು ಎಲ್ಲ ಕಿತ್ತು ಒಳಗೆ ಕೂರುತ್ತಾರೆ. ಒಂದು ಸಂಜೆ ಹಮೀದಾಕರ ಅಂಗಡಿಯ ಹಿಂದಿನ ಮರಕ್ಕೆ ಸಿಡಿಲು ಬಿದ್ದು ಅವರ ತೂಕದ ಮೆಷಿನ್ನು, ನನ್ನ ಫ್ಯಾನು ಎರಡೂ ಸುಟ್ಟವು. ಮುಂದಿನ ಭಾನುವಾರ ಸಿಡಿಲಿನ ಬಗ್ಗೆಯೇ ಹೇಳುವುದೆಂದು ಅವತ್ತೇ ತೀರ್ಮಾನಿಸಿದೆ. ವಾರವಿಡೀ ಹೇಳಿಕೆಗೆ ತಿರುಗಿದೆ. ರಜೆಯಾದ್ದರಿಂದ ಹೊತ್ತಿತ್ತು, ಅದುವರೆಗೆ ಹೋಗದ ದಾರಿಗಳಿಗೂ ಹೋದೆ.

ಊರಿನ ಹೊರಗೆ ಬಸ್ಸು ತಿರುಗುವಲ್ಲಿ ರಸ್ತೆಗೆ ಹತ್ತಿಕೊಂಡೇ ಒಂದು ಹೆಂಚಿನ ಮನೆಯಿತ್ತು. ಪಕ್ಕದಲ್ಲಿ ಸಣ್ಣ ರಬ್ಬರ್ ತೋಟ. ಜಗಲಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ದನಕ್ಕೆ ಹಿಂಡಿ ಕಲಸುತ್ತಿದ್ದರು. ನಾನು ಕೂತೆ. ಅವರು ಕೈ ತೊಳೆದು ಬೆಲ್ಲ, ನೀರು ತಂದಿಟ್ಟರು. ಭಾನುವಾರ ಹೀಗೆ ಹೀಗೆ ಇದೆ, ಸಿಡಿಲು ಎಂದರೇನು ಎಂಬುದರ ಬಗ್ಗೆ, ಬರಲೇಬೇಕು ಎಂದೆ.

"ನಮ್ಮ ಮನೆಗೆ ಹೇಳಿಕೆ ಕೊಡ್ಲಿಕ್ಕೆ ಬಂದದ್ದಾ?" ಎಂದು ಶಾಲೆಯಲ್ಲಿ ಕಲಿತ ನಿಧಾನದ ಕನ್ನಡದಲ್ಲಿ ಕೇಳಿದರು. ಹೌದು ಎಂದೆ. "ಬರ್ತೇನೆ" ಎಂದರು.

ಈ ಮನೆಗೂ ಹೋಗಿಬಂದೆ ಎಂದು ಸಂಜೆ ಹಮೀದಾಕರಿಗೆ ಹೇಳಿದಾಗ ಅವರು ಹಳೆಯ ತಕ್ಕಡಿಯಲ್ಲಿ ತೂಗುತ್ತಿದ್ದ ಶೀಟನ್ನು ಕೆಳಗಿಟ್ಟರು.

"ಸಿಡಿಲಿನ ವಿಷಯಕ್ಕೆ ವಾರಿಜಕ್ಕನನ್ನು ಕರೆದ್ರಾ? ಅಲ್ಲಾ! ಅವರ ಗಂಡ ತೀರಿದ್ದೇ ಸಿಡಿಲಿಗೆ."

ಅವರಿಂದ ತಿಳಿದದ್ದು ಇಷ್ಟು. ಈ ಕಡೆ ಗುಡುಗು ಜೋರಾದರೆ ಮನೆಯ ಹೆಂಗಸರು ಬಾಗಿಲಿಗೆ ಬಂದು ಅಂಗಳಕ್ಕೆ ಕತ್ತಿ ಎಸೆಯುತ್ತಾರೆ. ಕಬ್ಬಿಣ ಅಂಗಳದಲ್ಲಿದ್ದರೆ ಸಿಡಿಲು ಮನೆಗೆ ಬರುವುದಿಲ್ಲ ಎಂದು ನಂಬಿಕೆ. ವಾರಿಜಕ್ಕನಿಗೂ ಅತ್ತೆ ಕಲಿಸಿದ್ದು ಹಾಗೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಂಜೆ ಅವರು ಕತ್ತಿ ಎಸೆದರು. ಗಂಡ ಹಟ್ಟಿಯಲ್ಲಿ ದನ ಕಟ್ಟಿ ಅಂಗಳದ ಬದಿಯ ತೆಂಗಿನ ಮರದ ಬುಡದಲ್ಲಿ ಬರುತ್ತಿದ್ದರು. ಕತ್ತಿ ನೆಲಕ್ಕೆ ಬಿದ್ದದ್ದು, ಸಿಡಿಲು ಮರಕ್ಕೆ ಬಿದ್ದದ್ದು ಒಟ್ಟೊಟ್ಟಿಗೆ. ಉತ್ತರಕ್ರಿಯೆಯ ದಿನ ಊಟಕ್ಕೆ ಕೂತಾಗ ಇಂಜಿನಿಯರಿಂಗ್ ಓದುತ್ತಿದ್ದ ಸಂಬಂಧಿಯೊಬ್ಬ ಎಲ್ಲರ ಎದುರು, ಕಬ್ಬಿಣ ಕರೆಂಟನ್ನು ಎಳೆಯುತ್ತದೆ, ಮಾಮಿ ಕತ್ತಿ ಎಸೆದು ಸಿಡಿಲನ್ನು ಕರೆದ ಹಾಗೆ ಆಯಿತು ಎಂದನಂತೆ. ಅಂದಿನಿಂದ ವಾರಿಜಕ್ಕ ಯಾರ ಮನೆಗೂ ಹೋಗಲಿಲ್ಲ. ಕರೆದರೂ ಬರುವುದಿಲ್ಲವೆಂದು ಜನ ಹೇಳಿಕೆ ಕೊಡುವುದನ್ನೂ ಮೆಲ್ಲಗೆ ಬಿಟ್ಟರು. ರಬ್ಬರ್ ಶೀಟು ಕೂಡ ಆಟೋದವನ ಕೈಲಿ ಕಳಿಸುತ್ತಾರೆ.

ಮರುದಿನ ಬೆಳಗ್ಗೆ ಸಂಜೀವ ಶೆಟ್ರು ಬಂದರು. ಸುದ್ದಿ ಅವರಿಗೆ ಮುಟ್ಟಿತ್ತು.

"ಟೀಚರ್, ಬೇರೆ ವಿಷಯ ತೆಗೊಳ್ಳುವ. ಚಂದ್ರ ಉಂಟು, ಮಂಗಳ ಉಂಟು. ಪಾಪದ ಹೆಂಗಸು, ಎದುರು ಕೂತ್ರೆ ನೀವು ಎಂತ ಹೇಳ್ತೀರಿ?"

"ಹೇಳಿಕೆ ಹೋಗಿ ಆಯ್ತಲ್ಲ ಶೆಟ್ರೇ. ಸಿಡಿಲು ಅಂತಲೇ ಹೇಳಿದ್ದೀನಿ."

ಕೊಟ್ಟ ಹೇಳಿಕೆ ಹಿಂದೆ ತೆಗೆದುಕೊಳ್ಳುವ ಕ್ರಮ ಆ ಊರಿನಲ್ಲಿಲ್ಲ, ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಸರಿ, ಬರ್ಲಿಕ್ಕಿಲ್ಲ ಅವರು" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಎದ್ದರು. ನನಗೆ ಮಾತ್ರ ಅವರು ಬರುತ್ತಾರೆ, ಕೇಳಲಿಕ್ಕೆಂದೇ ಬರುತ್ತಾರೆ ಎಂದು ಖಾತ್ರಿಯಿತ್ತು. ಮತ್ತು ಉತ್ತರವೂ ಗೊತ್ತಿತ್ತು. ಆ ನಾಲ್ಕು ದಿನ ನಾನು ಒಂಟಿ ಎಂಬುದೇ ಮರೆತುಹೋಗಿತ್ತು. ನನ್ನ ಒಂದು ಮಾತಿಗೆ ಒಬ್ಬರು ಕಾದಿದ್ದಾರೆ ಎಂಬ ಭಾವನೆ ಅಮ್ಮ ಹೋದ ಮೇಲೆ ಮೊದಲ ಸಲ ಬಂದಿತ್ತು.

ಭಾನುವಾರ ಅವರು ಬಂದರು. ಒಗೆದು ಮಡಚಿಟ್ಟ ಹತ್ತಿ ಸೀರೆ, ಕೈಯಲ್ಲೊಂದು ಕೊಡೆ. ಬಾಗಿಲ ಹತ್ತಿರದ ಕೊನೆಯ ಕುರ್ಚಿಯಲ್ಲಿ ಕೂತರು. ಶೆಟ್ರು ಮೈಕು ಹಿಡಿದು "ಎಲ್ಲರಿಗೂ ಸ್ವಾಗತ" ಎಂದು ಕೂತುಬಿಟ್ಟರು. ಅವರ ಜೀವಮಾನದ ಅತ್ಯಂತ ಚಿಕ್ಕ ಸ್ವಾಗತ ಅದೇ ಇರಬೇಕು.

ಅಡುಗೆಮನೆಯ ಮಣೆಗೆ ಅಲ್ಯುಮಿನಿಯಂ ಹಾಳೆ ಹೊದಿಸಿ, ಒಂದು ಮೊಳೆಯನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಬ್ಲೇಡನ್ನು ಮಲಗಿಸಿ ಇಟ್ಟಿದ್ದೆ. ಗ್ಯಾಸ್ ಹಚ್ಚುವ ಲೈಟರನ್ನು ಮೇಲೆ ಹಿಡಿದು ಒತ್ತಿದೆ. ಕಿಡಿ ಪ್ರತಿ ಸಲ ನಿಂತ ಮೊಳೆಗೇ ಹಾರಿತು. ಮೋಡಕ್ಕೆ ಬೇಕಾದದ್ದು ಎತ್ತರ, ಎಂದೆ. ಬಯಲಿನಲ್ಲಿ ಮರ, ಮರಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಮರಕ್ಕೆ ಬಿದ್ದದ್ದು ಅಲ್ಲೇ ನಿಲ್ಲುವುದಿಲ್ಲ, ಬುಡದಲ್ಲಿ ನಿಂತವರ ಮೇಲೆ ಪಕ್ಕಕ್ಕೆ ಹಾರುತ್ತದೆ, ಒದ್ದೆ ನೆಲದಲ್ಲಿ ಹರಿಯುತ್ತದೆ. ಆದ್ದರಿಂದ ಗುಡುಗುವಾಗ ಮರದ ಅಡಿ ನಿಲ್ಲಬೇಡಿ, ಬಾಗಿಲಲ್ಲೂ ನಿಲ್ಲಬೇಡಿ, ಒಳಗಿರಿ. ಶೆಟ್ರು ತುಳುವಿನಲ್ಲಿ ಹೇಳುತ್ತಾ ಹೋದರು. ಅವರ ಹಣೆಯಲ್ಲಿ ಬೆವರು ಹರಿಯುತ್ತಿತ್ತು.

ಪ್ರಶ್ನೆಗಳಿವೆಯೇ ಎಂದೆ. ವಾರಿಜಕ್ಕ ಎದ್ದು ನಿಂತು 'ಟೀಚರ್' ಎಂದು ಕನ್ನಡದಲ್ಲಿ ಶುರುಮಾಡಿ, ಮುಂದೆ ಬಾರದೆ, ತುಳುವಿಗೆ ಹೊರಳಿದರು. ಕತ್ತಿ ಎಂಬುದೊಂದು ನನಗೆ ತಿಳಿಯಿತು. ಶೆಟ್ರು ಕನ್ನಡದಲ್ಲಿ ಹೇಳಲು ಬಾಯಿ ತೆರೆದು, ಆಗದೆ, ಮೈಕನ್ನು ನೋಡುತ್ತ ನಿಂತರು. ಹಮೀದಾಕ ತಮ್ಮ ಸ್ಟೂಲಿನ ಮೇಲಿಂದಲೇ ಹೇಳಿದರು: "ಅವರು ಕೇಳುವುದು, ಅಂಗಳಕ್ಕೆ ಎಸೆದ ಕತ್ತಿ ಸಿಡಿಲನ್ನು ಕರೀತದಾ ಅಂತ."

ಒಂದು ವರ್ಷದಲ್ಲಿ ನಾನು ಕಲಿತ ತುಳು ಬಹಳ ಕಡಿಮೆ. ಇದ್ದದ್ದರಲ್ಲಿ ಒಂದು ಮಾತು ಆಗ ಉಪಯೋಗಕ್ಕೆ ಬಂತು.

"ಇಜ್ಜಿ" ಎಂದೆ. ಇಲ್ಲ. "ಕರೆಯುವುದೂ ಇಲ್ಲ, ಓಡಿಸುವುದೂ ಇಲ್ಲ. ಅಷ್ಟು ಎತ್ತರದ ಮೋಡಕ್ಕೆ ನೆಲದ ಮೇಲೆ ಬಿದ್ದ ಕತ್ತಿಯೂ ಒಂದೇ, ಬಿದ್ದ ಎಲೆಯೂ ಒಂದೇ."

"ಎಸೆಯದಿದ್ರೆ?" ಈಗ ಕನ್ನಡದಲ್ಲಿಯೇ ಕೇಳಿದರು.

"ಎಸೆಯದೇ ಇದ್ದಿದ್ದರೂ ಬೀಳುತ್ತಿತ್ತು. ಆ ತೆಂಗಿನ ಮರಕ್ಕೇ ಬೀಳುತ್ತಿತ್ತು."

"ಓದಿದವ ಹೇಳಿದ್ದು?"

"ಪಾಠದ ಒಂದು ಸಾಲು ಕೇಳಿಸಿಕೊಂಡು ಎರಡನೇ ಸಾಲಿಗೆ ಎದ್ದು ಹೋದವನು ಹೇಳಿದ್ದು ಅದು. ತಪ್ಪು. ನೂರಕ್ಕೆ ನೂರು ತಪ್ಪು."

ಅವರು ಕೂತರು. ಯಾರೋ ಮೂಗೊರೆಸಿಕೊಂಡರು. ಶೆಟ್ರಿಗೆ ದನಿ ಮರಳಿ ಬಂದು ಧನ್ಯವಾದ ಶುರುಮಾಡಿದರು. ಸ್ವಾಗತದಲ್ಲಿ ಉಳಿಸಿದ್ದನ್ನೆಲ್ಲ ಅಲ್ಲಿ ಖರ್ಚು ಮಾಡಿದರು. ನನ್ನ ಎದೆ ಉಬ್ಬಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಆ ಗಳಿಗೆಯಲ್ಲಿ ನಾನು ನನ್ನ ವಿದ್ಯೆಯ ಬಗ್ಗೆ ಬೀಗಿದೆ. ಒಬ್ಬ ಹೆಂಗಸಿನ ತಲೆಯ ಮೇಲಿನ ಇಷ್ಟು ವರ್ಷದ ಭಾರವನ್ನು ಒಂದು ಮೊಳೆ, ಒಂದು ಬ್ಲೇಡಿನಿಂದ ಇಳಿಸಿದೆನಲ್ಲ ಎಂದು.

ಎಲ್ಲರೂ ಹೋದರು. ಹೆಂಗಸರು ಕೆಲವರು ವಾರಿಜಕ್ಕನ ಕೈ ಮುಟ್ಟಿ ಹೋದರು. ನಾನು ಕುರ್ಚಿ ಮಡಚುತ್ತಾ ಕೊನೆಯ ಸಾಲಿಗೆ ಬಂದೆ. ಅವರು ಅಲ್ಲೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಸಮಾಧಾನ ಆಯ್ತಾ ಎಂದು ಕೇಳಿದೆ.

"ಆಯ್ತು ಟೀಚರೇ" ಎಂದರು. ಆಮೇಲೆ ಒಂದೊಂದೇ ಮಾತು ಹುಡುಕಿ ಹೇಳಿದರು. "ದಿನಾ ಸಂಜೆ ದೀಪ ಇಟ್ಟು ಅವರ ಫೋಟೋದ ಹತ್ತಿರ ನಿಲ್ತೇನೆ. ನನ್ನಿಂದ ತಪ್ಪಾಯ್ತು ಅಂತ ಹೇಳ್ತೇನೆ. ಅಷ್ಟು ಹೇಳಿದ್ರೆ ಮತ್ತೆ ಉಳಿದದ್ದು ತನ್ನಷ್ಟಕ್ಕೆ ಬರ್ತದೆ. ದನ ಎಷ್ಟು ಹಾಲು ಕೊಟ್ಟಿತು, ರಬ್ಬರ್ ಟ್ಯಾಪಿಂಗಿನವ ಬಂದನಾ ಇಲ್ವಾ, ಕಾಲು ನೋವು, ಎಲ್ಲ. ಒಂದು ಗಂಟೆ ಮಾತಾಡ್ತೇನೆ. ಇನ್ನು ತಪ್ಪಾಯ್ತು ಅಂತ ಹೇಳ್ಲಿಕ್ಕೆ ಇಲ್ಲ ಅಲ್ವಾ. ಮತ್ತೆ ಎಲ್ಲಿಂದ ಶುರು ಮಾಡುವುದು?"

ಗೋಡೆಗೆ ಪೇಪರ್ ಓದುತ್ತಿದ್ದವಳು ನಾನು, ನನಗಾದರೂ ಉತ್ತರ ಹೊಳೆಯಬೇಕಿತ್ತು. "ಗೊತ್ತಿಲ್ಲ ವಾರಿಜಕ್ಕ" ಎಂದೆ. ಅವರು ತಲೆಯಾಡಿಸಿ, ಮಳೆ ಬರುವ ಮೊದಲು ಮನೆ ಸೇರಬೇಕೆಂದು ಎದ್ದರು.

ಎರಡು ದಿನ ತಡೆದುಕೊಂಡೆ. ಮೂರನೆಯ ಸಂಜೆ ಅವರ ಮನೆಗೆ ಹೋದೆ. ದೀಪ ಉರಿಯುತ್ತಿತ್ತು, ಫೋಟೋಕ್ಕೆ ದಾಸವಾಳ ಏರಿಸಿದ್ದರು, ಅವರು ಜಗಲಿಯಲ್ಲಿ ಕೂತಿದ್ದರು. "ಇವತ್ತೂ ಏನೂ ಬರ್ಲಿಲ್ಲ" ಎಂದರು. ಸುಮ್ಮನೆ ನಿಂತು ಬಂದರಂತೆ. ದನ ಹೇಗಿದೆ ಎಂದು ನಾನೇ ಕೇಳಿದೆ, ಬೇರೇನೂ ತೋಚದೆ. ಅಷ್ಟಕ್ಕೇ ಅವರು ಶುರು ಮಾಡಿದರು. ದನ, ಹಾಲು, ಟ್ಯಾಪಿಂಗಿನವನ ಕುಡಿತ, ಮಂಗಗಳ ಕಾಟ, ಮೊಣಕಾಲು. ಅರ್ಧ ಕನ್ನಡ, ಅರ್ಧ ತುಳು. ಬರಬರುತ್ತ ಪೂರ್ತಿ ತುಳುವೇ ಆಯಿತು. ನನಗೆ ತಿಳಿಯುತ್ತದೋ ಇಲ್ಲವೋ ಎಂಬ ಯೋಚನೆ ಅವರಿಗಿರಲಿಲ್ಲ, ನನಗೂ ಇರಲಿಲ್ಲ. ಅಮ್ಮನ ಹಾಗೆ ಎಲ್ಲದಕ್ಕೂ ಒಂದು ಟೀಕೆ ಸೇರಿಸುತ್ತಿದ್ದರು ಎಂಬುದು ಮಾತ್ರ ದನಿಯಿಂದಲೇ ಗೊತ್ತಾಗುತ್ತಿತ್ತು.

ಆಮೇಲೆ ದಿನಾ ಹೋದೆ. ಮೇ ತಿಂಗಳ ಆ ಸಂಜೆಗಳಲ್ಲಿ ನಾನು ಮಾತಾಡಿದ್ದು ಕಡಿಮೆ. ವರ್ಷವಿಡೀ ಕೇಳುವವರನ್ನು ಹುಡುಕಿದವಳಿಗೆ ಕೇಳಿಸಿಕೊಳ್ಳುವುದರಲ್ಲಿಯೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಆದರೆ ದೀಪದ ಮುಂದೆ ಅವರ ಬಾಯಿ ತೆರೆಯಲಿಲ್ಲ. ಗಂಡನಿಗೆ ಹೇಳಬೇಕಾದದ್ದೆಲ್ಲ ನನ್ನ ಪಾಲಾಗುತ್ತಿದೆ ಎಂದು ಒಮ್ಮೊಮ್ಮೆ ಕಸಿವಿಸಿಯಾಗುತ್ತಿತ್ತು.

ಜೂನ್ ಹಿಡಿಯುವಷ್ಟರಲ್ಲಿ ಆದೇಶ ಬಂತು. ಚಳ್ಳಕೆರೆಗೇ ವರ್ಗ. ಬಂದ ದಿನವೇ ಬೇಡಿ ಬರೆದ ಅರ್ಜಿ ಅದು, ಬೇಡವೆನ್ನಲು ನನಗೆ ಬಾಯಿರಲಿಲ್ಲ. ಶೆಟ್ರು ಬೀಳ್ಕೊಡುಗೆ ಸಭೆ ಮಾಡಿ ಕೊನೆಗೂ ಶಾಲು ಹೊದಿಸಿಯೇಬಿಟ್ಟರು. ಹಮೀದಾಕ ನನ್ನ ಸಾಮಾನಿಗೆ ತಮ್ಮ ಪಿಕಪ್ಪನ್ನೇ ಕಳಿಸಿದರು. ಅದು ಮುಂದೆ ಹೋಯಿತು, ನಾನು ಬಸ್ಸಿಗೆಂದು ವಾರಿಜಕ್ಕನ ಮನೆಯ ಎದುರಿನ ಸ್ಟಾಪಿಗೇ ಬಂದು ನಿಂತೆ.

ಅವರು ಗೇಟಿನವರೆಗೆ ಬಂದರು. ಮಳೆ ಸಣ್ಣಗೆ ಹನಿಯುತ್ತಿತ್ತು. ನಾನು ಫೋನ್ ಮಾಡ್ತೀನಿ ಎಂದೆ. ಫೋನಿನಲ್ಲಿ ತನಗೆ ಮಾತು ಬರುವುದಿಲ್ಲ ಎಂದರು.

"ಕತ್ತಿಯೇ ಕರೆದದ್ದು ಅಂತ ನೀವು ಹೇಳಿದ್ರೆ ಒಳ್ಳೆದಿತ್ತು ಟೀಚರೇ" ಎಂದು ನಕ್ಕರು. ತಮಾಷೆಯೆಂದು ನಾನೂ ನಗಲು ಹೋದೆ, ಅವರ ಕಣ್ಣು ನೋಡಿ ನಿಲ್ಲಿಸಿದೆ. "ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ, ಅದು ಗೊತ್ತುಂಟು ನನಗೆ" ಎಂದು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಬಿಟ್ಟರು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ತಿರುಗಿ ನೋಡಿದೆ. ಅವರು ಒಳಗೆ ಹೋಗಿರಲಿಲ್ಲ. ಅಂಗಳದ ಬದಿಯಲ್ಲಿ, ಸುಟ್ಟು ಮೋಟಾಗಿ ಉಳಿದ ತೆಂಗಿನ ಮರದ ಹತ್ತಿರ, ನನಗೆ ಬೆನ್ನು ಹಾಕಿ ನಿಂತಿದ್ದರು. ಬಲಗೈ ರಸ್ತೆಯ ಕಡೆಗೆ, ಬಸ್ಸಿನ ಕಡೆಗೆ ಬೀಸಿ ತೋರಿಸುತ್ತಾ, ತಲೆಯಾಡಿಸುತ್ತಾ, ಟೀಚರು ಹೋದ ಸುದ್ದಿಯನ್ನು ಅವರು ಗಂಡನಿಗೆ ಹೇಳುತ್ತಿದ್ದರು.